ನಾನು ಹೇಳದೆ ಬಿಟ್ಟ ಪಾಠ

ಕಾಲೇಜಿನಲ್ಲಿ ಪಾಠ ಮಾಡಿದಷ್ಟು ವರ್ಷವೂ ನಾನು ಹುಡುಗರಿಗೆ ಒಂದೇ ಮಾತು ಹೇಳಿಕೊಂಡು ಬಂದೆ: ಒಂದು ಪುಟ ಓದಿ, ಪುಸ್ತಕ ಮುಚ್ಚಿ, ಓದಿದ್ದನ್ನು ಪಕ್ಕದವರಿಗೆ ನಿಮ್ಮ ಮಾತಿನಲ್ಲಿ ಹೇಳಿ. ಹೇಳಲು ಬಂದರೆ ಓದಿದ್ದೀರಿ, ಬರದಿದ್ದರೆ ಬರೀ ಕಣ್ಣಾಡಿಸಿದ್ದೀರಿ. ಇದು ನನ್ನದೇ ಉಪಾಯ ಅಂದುಕೊಂಡು ಹುಡುಗರು ಹೊಗಳುತ್ತಿದ್ದರು. ನಾನು ನಾಚಿಕೆಯಿಲ್ಲದೆ ಹೊಗಳಿಸಿಕೊಳ್ಳುತ್ತಿದ್ದೆ. ಅದನ್ನು ನನಗೆ ಕಲಿಸಿದವಳು ಬಿ.ಎ. ಮುಗಿಸಲಿಲ್ಲ. ಮುಗಿಸದ ಹಾಗೆ ಮಾಡಿದವಳು ನಾನು.

ಎಪ್ಪತ್ತರ ದಶಕದ ನಡುವಿನ ಮಾತು. ಮಳವಳ್ಳಿಯಲ್ಲಿ ನಮ್ಮದು ಮೇಷ್ಟ್ರ ಮನೆ. ಮಂಡ್ಯದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಟ. ಮದ್ದೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕಿತ್ತು. ಅಲ್ಲಿ ನನ್ನ ಗೆಳತಿ ಕಾಯುತ್ತಿದ್ದಳು. ಮದ್ದೂರಿನ ಪಕ್ಕದ ಹಳ್ಳಿಯ ಬೇಸಾಯದ ಮನೆಯವಳು, ಆ ಊರಿಂದ ಕಾಲೇಜಿಗೆ ಬಂದ ಮೊದಲ ಹುಡುಗಿ. ಒಂದು ಸಲ ಫೇಲಾದರೂ ಓದು ಮುಗಿಯಿತು, ಮದುವೆ ಎಂದು ಅವಳಪ್ಪ ಮೊದಲೇ ಹೇಳಿ ಕಳಿಸಿದ್ದರು.

ಅರ್ಥಶಾಸ್ತ್ರದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಲೈಬ್ರರಿಯಲ್ಲಿದ್ದುದು ಒಂದೇ ಪ್ರತಿ. ಅದು ಸದಾ ನನ್ನ ಕೈಯಲ್ಲೇ ಇರುತ್ತಿತ್ತು. ನನ್ನ ಓದೆಂದರೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುವುದು. ಎಳೆದೆಳೆದು, ಕೊನೆಗೆ ಗೆರೆಯಿಲ್ಲದ ಸಾಲನ್ನೇ ಹುಡುಕಬೇಕಾಗಿತ್ತು. ಬಸ್ಸಿನಲ್ಲಿ ಅವಳಿಗೆ ಹೇಳಿಕೊಡಲು ಪುಸ್ತಕ ಬಿಚ್ಚಿದರೆ ಪಟ್ಟಂತ ಮುಚ್ಚಿಬಿಡುತ್ತಿದ್ದಳು.

"ನೋಡ್ಕಂಡು ಓದೋದಾದ್ರೆ ನಾನೇ ಓದ್ಕಳ್ಳಲ್ವೇನೇ? ಅದ್ರಾಗೆ ಏನೈತೆ ಅಂತ ಬಾಯ್ಬುಟ್ಟು ಯೋಳು."

ಇಳಿಮುಖ ಪ್ರತಿಫಲ ನಿಯಮ ಅಂತ ಬಾಯಿಪಾಠ ಒಪ್ಪಿಸಿದರೆ "ಅಂಗಂದ್ರೆ?" ಅನ್ನುವಳು. ನಾನು ತಡವರಿಸುವೆ. ತಡವರಿಸಿ, ಬೈದುಕೊಂಡು, ಹೇಗೋ ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಗೆಜ್ಜಲಗೆರೆ ದಾಟಿರುತ್ತಿತ್ತು.

"ಓ, ಒಂದೇ ಗದ್ದೆಗೆ ಆಳಿನ ಮ್ಯಾಲೆ ಆಳು ಇಳಿಸ್ಬುಟ್ರೆ ಒಬ್ರ ಕಾಲು ಒಬ್ರು ತುಳೀತಾರೆ. ಅಷ್ಟೇ ತಾನೇ?"

ಅಷ್ಟೇ. ನಾನು ಮೂರು ಪುಟ ಗೆರೆ ಎಳೆದಿದ್ದು ಅಷ್ಟಕ್ಕೇ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳಿಗೆ ನನಗಿಂತ ಹೆಚ್ಚು ನಂಬರು ಬಂತು. ಪುಟ್ಟ ಪುಟ್ಟ ವಾಕ್ಯಗಳ ಅವಳ ಉತ್ತರವನ್ನು ಅರ್ಥಶಾಸ್ತ್ರದ ಮೇಷ್ಟ್ರು ತರಗತಿಯಲ್ಲಿ ಓದಿ ಹೇಳಿದರು. ನನಗೆ ಹೊಟ್ಟೆಯುರಿ ಹತ್ತಿಕೊಂಡಿತು. ಗಂಟಲು ಒಣಗಿಸಿಕೊಂಡವಳು ನಾನು, ಭೇಷ್ ಅನ್ನಿಸಿಕೊಂಡವಳು ಅವಳು! ನನಗೂ ನಂಬರು ಬಂದದ್ದು ಅವಳು ಕೇಳಿ ಕೇಳಿ ಹೇಳಿಸಿದ್ದರಿಂದ ಅನ್ನುವುದು ಆಗ ತಲೆಗೆ ಹೊಳೆಯಲೇ ಇಲ್ಲ.

ರಾಗಿ ಕುಯ್ಲಿಗೆಂದು ಅವಳು ಒಂದು ವಾರ ಕಾಲೇಜಿಗೆ ಬರಲಿಲ್ಲ. ಅಷ್ಟರಲ್ಲಿ ಮೇಷ್ಟ್ರು ಒಂದು ಪಾಠ ಮುಗಿಸಿದರು. ಬಂದವಳೇ ಕೇಳಿದಳು: "ನಾನಿಲ್ದಾಗ ಏನೇ ಮಾಡುದ್ರು?"

"ವಿದೇಶಿ ವ್ಯಾಪಾರ. ಅದು ಪರೀಕ್ಷೆಗೆ ಬರಲ್ವಂತೆ ಕಣೇ, ಮೇಷ್ಟ್ರೇ ಹೇಳಿದ್ರು."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ಅವಳು "ಬದುಕ್ದೆ ಕಣೇ!" ಎಂದು ಸೀಟಿಗೆ ಒರಗಿ ನಕ್ಕಳು.

ವರ್ಷದ ಪರೀಕ್ಷೆಯಲ್ಲಿ ಎರಡು ದೊಡ್ಡ ಪ್ರಶ್ನೆ ಆ ಪಾಠದಿಂದಲೇ ಬಂದವು. ನಾನು ಅದನ್ನು ನಾಲ್ಕು ಸಲ ಓದಿದ್ದೆ. ಆದರೂ ಕಣ್ಣ ಮುಂದೆ ಬಂದದ್ದು ಕೆಂಪು ಗೆರೆಗಳು ಮಾತ್ರ, ಗೆರೆಯ ಮೇಲಿದ್ದದ್ದು ಏನೆಂದು ನೆನಪಾಗಲಿಲ್ಲ. ಯಾರಿಗೂ ಹೇಳದ ಪಾಠ ನನಗೂ ಬಂದಿರಲಿಲ್ಲ. ಏನೋ ಗೀಚಿ ಎದ್ದು ಬಂದೆ.

ಹೊರಗೆ ಅವಳು ನಿಂತಿದ್ದಳು. "ಬರಲ್ಲ ಅಂದಿದ್ಯಲ್ಲೇ?"

"ಮೇಷ್ಟ್ರು ಹಾಗೇ ಅಂದ್ರಪ್ಪ, ನಾನೇನು ಮಾಡಲಿ?"

ಅವಳು ಪ್ರಶ್ನೆಪತ್ರಿಕೆ ಮಡಚಿ ಚೀಲಕ್ಕೆ ಹಾಕಿಕೊಂಡಳು. ಮೇಷ್ಟ್ರ ಕೊಠಡಿ ಹತ್ತು ಹೆಜ್ಜೆ ದೂರದಲ್ಲಿತ್ತು. ಹೋಗಿ ಕೇಳಬಹುದಿತ್ತು, ಕೇಳಲಿಲ್ಲ. ಅಲ್ಲೇ ಅವಳಿಗೆ ಗೊತ್ತಾಯಿತು ಅಂತ ನನಗೂ ಗೊತ್ತಾಯಿತು.

ಫಲಿತಾಂಶದ ದಿನ ಇಬ್ಬರೂ ಮಂಡ್ಯಕ್ಕೆ ಹೋಗಿ ನೋಡಿಕೊಂಡು ಬಂದೆವು. ನಾನು ಅಂಚಿನಲ್ಲಿ ಪಾಸಾಗಿದ್ದೆ. ಪಾಸಾದವರ ಪಟ್ಟಿಯಲ್ಲಿ ಅವಳ ನಂಬರು ಇರಲಿಲ್ಲ. ಮದ್ದೂರಿನ ಬಸ್ ನಿಲ್ದಾಣದಲ್ಲಿ ಅವಳಪ್ಪ ಕಾಯುತ್ತಿದ್ದರು. ಮಗಳ ಮುಖ ನೋಡಿಯೇ ಅರ್ಥ ಮಾಡಿಕೊಂಡರು. ಅವಳಿಗೆ ಏನೂ ಅನ್ನದೆ ನನ್ನ ಕಡೆ ತಿರುಗಿದರು.

"ನೀನು ಬ್ಯಾಸ್ರ ಮಾಡ್ಕಬ್ಯಾಡ ಕಣವ್ವ. ದಿನಾ ಬಸ್ಸಾಗೆ ಕುಂತು ಅಷ್ಟೊಂದು ಯೋಳ್ಕೊಟ್ಟೆ. ನಮ್ ಮಗೀಗೇ ತಲೆ ಇಲ್ಲ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಸುಳ್ಳು ಹೇಳಿದೆ ಅಪ್ಪಾ, ಇವಳದೇನೂ ತಪ್ಪಿಲ್ಲ ಅನ್ನಬೇಕಿತ್ತು. ಇನ್ನೊಂದು ಸಲ ಪರೀಕ್ಷೆ ಕಟ್ಟಲು ಅವರು ಬಿಡುತ್ತಿದ್ದರೇನೋ. ಆ ಒಂದು ಮಾತಿಗೆ ಅವಳು ಕಾಯುತ್ತಿದ್ದಾಳೆ ಅಂತ ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಅವಳೂ ನನ್ನ ಮೇಲೆ ಹೇಳಲಿಲ್ಲ.

ಮಳವಳ್ಳಿ ಬಸ್ಸು ತುಂಬಿಕೊಂಡು ಬಂತು. ಅವಳಪ್ಪ ನನಗಿಂತ ಮೊದಲೇ ಮೆಟ್ಟಿಲು ಹತ್ತಿ ಒಳಗೆ ಕೂಗಿದರು: "ಓದೋ ಮಗ ಕಣ್ರಪ್ಪ, ವಸಿ ಜಾಗ ಬುಡಿ."

ಯಾರೋ ಎದ್ದು ಜಾಗ ಕೊಟ್ಟರು. ನಾನು ಕೂತೆ.