ಇವತ್ತಿನ ಚಿತ್ರ ಇನ್ನೂ ಬಂದಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸರಕಾರಿ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದ ಕೊನೆಯ ಕೋಣೆಯಲ್ಲಿ ಆಪ್ತಸಮಾಲೋಚಕಿಯೊಬ್ಬರು ಹೆಗಲಿನ ಬ್ಯಾಗನ್ನೂ ಇಳಿಸದೆ ಮೊಬೈಲ್ ಪರದೆಯನ್ನು ಬೆರಳಿನಿಂದ ಎಳೆಯುತ್ತಿದ್ದಾರೆ. ಬಿಟ್ಟು ಮತ್ತೆ ಎಳೆಯುತ್ತಾರೆ. ನಿನ್ನೆಯ ಚಿತ್ರವೇ ಕಾಣುತ್ತದೆ: ಕಿಟಕಿಯ ಸರಳಿಗೆ ಒಣಹಾಕಿದ ಒಂಟಿ ಕಾಲುಚೀಲ.

"ಊರಿಗೆಲ್ಲ ಫೋನ್ ಬಿಡಿ ಅಂತೀರಿ, ನೀವೇ ಬೆಳಗಾಗೆದ್ದು ಅದನ್ನ ತೀಡ್ತಾ ಕೂತಿದೀರಲ್ಲ ಮಾತಿನಕ್ಕ! ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಾ?" ನೆಲ ಒರೆಸುತ್ತಿರುವ ಆಯಾ ಕಿಚಾಯಿಸುತ್ತಾರೆ.

ಆಸ್ಪತ್ರೆಯಲ್ಲಿ ಎಲ್ಲರಿಗೂ ಅವರು ಮಾತಿನಕ್ಕ. ಇವತ್ತು ಮಾತಿನಕ್ಕ ತಲೆಯನ್ನೂ ಎತ್ತದೆ ಪರದೆ ಎಳೆಯುತ್ತಲೇ ಇದ್ದಾರೆ.

ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಜನ ಅವರೆದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾರೆ. ನಿದ್ದೆ ಬರುವುದಿಲ್ಲ ಎಂದವರಿಗೆಲ್ಲ ಅವರು ಮೊದಲು ಹೇಳುತ್ತಿದ್ದುದು ಒಂದೇ ಮಾತು: ರಾತ್ರಿಯೆಲ್ಲ ನೋಡೋ ಆ ಫೋಟೋ-ವೀಡಿಯೊ ಆ್ಯಪ್ ತೆಗೆದುಹಾಕಿ. ವಿಭಾಗದಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದರು. ಬಹುಪಾಲು ಜನರಿಗೆ ಅದರಿಂದ ಒಳ್ಳೆಯದೂ ಆಗುತ್ತಿತ್ತು.

ಸಾಯುವ ಯೋಚನೆ ಬರುತ್ತದೆ ಎನ್ನುತ್ತ ಬಂದಿದ್ದ ಕಾಲೇಜು ಹುಡುಗಿ ಹೇಳಿದಂತೆಯೇ ಮಾಡಿದಳು. ವಾರ ಕಳೆಯುವುದರೊಳಗೆ ಅವಳನ್ನು ವಾರ್ಡಿಗೆ ಸೇರಿಸಬೇಕಾಯಿತು. "ಅಲ್ಲಿ ನನ್ ಹಾಗೇ ನಿದ್ದೆ ಬರದೇ ಇರೋರ ಗುಂಪಿತ್ತು ಅಕ್ಕ. ನೀವು ಹೇಳಿದ್ರಿ ಅಂತ ಅದನ್ನೂ ಬಿಟ್ಟೆ," ಎಂದಳು.

"ಎಷ್ಟು ಹೊತ್ತು ನೋಡ್ತೀಯಾ ಅಂತ ಕೇಳಿದ್ದೆ. ಯಾರ ಜೊತೆ ಇರ್ತೀಯಾ ಅಂತ ಕೇಳಲೇ ಇಲ್ಲ," ಎನ್ನುವಾಗ ಮಾತಿನಕ್ಕನ ಕಣ್ಣು ಈಗಲೂ ನೆಲ ನೋಡುತ್ತದೆ.

ವಾರ್ಡಿನಿಂದ ಮನೆಗೆ ಹೊರಟ ದಿನ, ಇನ್ನು ಮುಂದೆ ಹೇಗೆ ಎಂಬುದಕ್ಕೆ ದಾರಿ ಹುಡುಕಿದವಳು ಹುಡುಗಿಯೇ. ದಿನವೂ ಎದ್ದ ಕೂಡಲೇ, ಇವತ್ತೂ ಇದ್ದೇನೆ ಎಂಬ ಗುರುತಿಗೆ, ಅದೇ ಆ್ಯಪ್‌ನ ತನ್ನ ಪುಟದಲ್ಲಿ ಒಂದು ಚಿತ್ರ ಹಾಕುವುದು. ಹಾಕದಿದ್ದರೆ ಮಾತಿನಕ್ಕ ಅವಳ ಅಮ್ಮನಿಗೆ ಫೋನ್ ಮಾಡುವುದು. ವಿಭಾಗದ ಹಿರಿಯ ವೈದ್ಯರಿಗೆ ಇದು ಸರಿಬರಲಿಲ್ಲ. "ರೋಗಿಯ ಪುಟ ಇಣುಕಿ ನೋಡೋದು ನಮ್ಮ ಕೆಲಸ ಅಲ್ಲಮ್ಮ. ನಾಳೆ ಎಲ್ಲರೂ ನಮ್ಮನ್ನೂ ನೋಡಿ ಅಂದ್ರೆ ನೀವು ಮಲಗೋದು ಯಾವಾಗ?" ಅವರ ಮಾತೂ ಸುಳ್ಳಲ್ಲ. ಆದರೂ ಬೆಳಗಾದರೆ ಮಾತಿನಕ್ಕ ಆ ಪುಟ ತೆರೆಯುತ್ತಾರೆ.

ಪರದೆ ಮತ್ತೊಮ್ಮೆ ಎಳೆಯುತ್ತಾರೆ. ಇಲ್ಲ. ಫೋನ್ ಕಿವಿಗಿಡುತ್ತಾರೆ.

"ಅಮ್ಮಾ, ಆಸ್ಪತ್ರೆಯಿಂದ. ಮಗಳ ರೂಮಿಗೆ ಹೋಗಿ ನೋಡ್ತೀರಾ? ಫೋನ್ ಕೈಲೇ ಇರ್ಲಿ."

ಚಪ್ಪಲಿಯ ಸದ್ದು. ಬಾಗಿಲು ಕಿರುಗುಟ್ಟುತ್ತದೆ. ಆಯಾ ಒರೆಸುವುದನ್ನು ನಿಲ್ಲಿಸುತ್ತಾರೆ.

"ಮಲಗಿದಾಳೆ ಕಣ್ರೀ," ತಾಯಿಯ ಪಿಸುದನಿ.

"ಕರೆದ್ರೆ ಏಳ್ತಾಳಾ? ಮುಟ್ಟಿ ನೋಡಿ."

"ಹೊದಿಕೆ ಎಳೆದಿದ್ದಕ್ಕೆ 'ಹೋಗಮ್ಮಾ ನೀನು' ಅಂತ ಬೈದು ಮಗ್ಗುಲು ಬದಲಾಯಿಸಿದ್ಲು. ಎಷ್ಟು ದಿನ ಆಗಿತ್ತು ಇವಳು ಹೀಗೆ ಮಲಗಿ! ಎಬ್ಬಿಸ್ಲಾ?"

"ಅಯ್ಯೋ, ಬೇಡ! ಬಾಗಿಲು ಮುಂದೆ ಮಾಡ್ಕೊಂಡು ಮೆಲ್ಲಗೆ ಬಂದ್ಬಿಡಿ."

ಬ್ಯಾಗು ಈಗ ಹೆಗಲಿಳಿಯುತ್ತದೆ. ನಿಮಗೇನು ಆಸೆ ಎಂದು ಕೇಳಿದರೆ ಮಾತಿನಕ್ಕ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಾರೆ.

"ಅವಳಿಗೆ ಚಿತ್ರ ಹಾಕೋದು ಮರೆತೇ ಹೋಗ್ಬೇಕು. ನನಗೆ ನೋಡೋದು ಮರೆತುಹೋಗ್ಬೇಕು. ಇನ್ನೇನಿದೆ ಹೇಳಿ?"