ನೆಲದಡಿ ಏನೂ ಇಲ್ಲ ಎಂದಿದ್ದೆ

ಗುರುಗ್ರಹದ ಹಿಮದ ಚಂದ್ರನೊಳಗೆ ನೀರಿದೆಯೇ ಎಂದು ರೇಡಾರ್‌ನಿಂದ ತಿಳಿಯುವುದು ನನ್ನ ಕೆಲಸ. ಆ ರೇಡಾರ್ ಹೊತ್ತ ನೌಕೆ ಇನ್ನೂ ದಾರಿಯಲ್ಲಿದೆ. ಅದು ಕಳಿಸಲಿರುವ ಮರುದನಿಗಳನ್ನು ಓದುವ ಅಭ್ಯಾಸವನ್ನು ಸೊಲ್ಲಾಪುರದ ಕಾಲೇಜಿನ ಒಂದು ಕೋಣೆಯಲ್ಲಿ ಕೂತು ಮಾಡುತ್ತೇನೆ. ಊರಲ್ಲಿ ಇದನ್ನು ಯಾರಿಗೂ ವಿವರಿಸಿ ಗೆದ್ದಿಲ್ಲ. ಅವ್ವ ಮಾತ್ರ ವಿವರಣೆ ಕೇಳದೆಯೇ ನಂಬಿದ್ದಳು.

ಹೋದ ಮಳೆಗಾಲದ ಕೊನೆಗೆ ವಾಗದರಿಯ ನಮ್ಮ ಹಿತ್ತಲಲ್ಲಿ ನೀರಿನ ಟಾಕಿ ಕಟ್ಟಿಸಬೇಕಿತ್ತು. ಅಲ್ಲೆಲ್ಲೋ ಅಜ್ಜನ ಕಾಲದ ಹಗೇವು, ಅಂದರೆ ಜೋಳ ತುಂಬಿಡಲು ನೆಲದಡಿ ತೋಡಿದ ಕುಣಿ, ಬಾಯಿ ಮುಚ್ಚಿಕೊಂಡು ಉಳಿದಿತ್ತು. ಅದರ ಮೇಲೆ ಟಾಕಿ ಕಟ್ಟಿದರೆ ಕುಸಿಯುತ್ತದೆ, ಆದರೆ ಜಾಗ ಯಾರಿಗೂ ನೆನಪಿರಲಿಲ್ಲ. ನಮ್ಮಲ್ಲಿ ಒನಕೆಯಿಂದ ನೆಲ ಕುಟ್ಟಿ, ಟೊಳ್ಳು ಸದ್ದು ಬರುತ್ತದೇನೋ ಎಂದು ಕಿವಿಗೊಟ್ಟು ಹುಡುಕುತ್ತಾರೆ. ಅವ್ವ ಒನಕೆ ತಂದಾಗ ನಾನು ನಕ್ಕೆ. ಗೆಳತಿಯಿಂದ ತಂದಿದ್ದ ನೆಲದೊಳಗೆ ನೋಡುವ ರೇಡಾರನ್ನು ತರಕಾರಿ ಗಾಡಿಯಂತೆ ಹಿತ್ತಲ ತುಂಬ ತಳ್ಳಿಕೊಂಡು ಓಡಾಡಿದೆ. ಪರದೆಯ ಮೇಲೆ ಏನೂ ಮೂಡಲಿಲ್ಲ.

"ಅವ್ವಾ, ಕೆಳಗ ಏನೂ ಇಲ್ಲ. ನೆಲ ಗಟ್ಟಿ ಐತಿ," ಅಂದೆ.

"ನೀ ಅಂದಮ್ಯಾಲ ಮುಗೀತು," ಎಂದು ಆಕೆ ಒನಕೆಯನ್ನು ಒಳಗಿಟ್ಟು ಬಂದಳು.

ಮರುದಿನ ಮುಂಜಾನೆ ಕುರಿಗೆ ಸೊಪ್ಪು ಹಾಕಲು ಹಿತ್ತಲಿಗೆ ಹೋದ ಅವ್ವ ನನ್ನ ಕಣ್ಣೆದುರೇ ನೆಲದೊಳಗೆ ಇಳಿದುಹೋದಳು. ಕೂಗಲೂ ಇಲ್ಲ. ಎದೆಮಟ್ಟಕ್ಕೆ ಸಿಕ್ಕಿಕೊಂಡು, ಎರಡೂ ಕೈ ಮಣ್ಣಿಗೆ ಊರಿ, ನನ್ನನ್ನೇ ನೋಡುತ್ತಿದ್ದಳು. ನಾನು ನಿಂತಲ್ಲೇ ಕಲ್ಲಾಗಿದ್ದೆ. ಅಣ್ಣ ಓಡಿಬಂದು ಆಕೆಯನ್ನು ಮೇಲಕ್ಕೆಳೆದುಕೊಂಡ.

ಅಕ್ಕಲಕೋಟದ ದವಾಖಾನೆಯ ಬೆಂಚಿನ ಮೇಲೆ ಕೂತಾಗ ಹೊಳೆಯಿತು. ಕಡುಚಳಿಯ ಹಿಮದಲ್ಲಿ ಕಿಲೋಮೀಟರುಗಟ್ಟಲೆ ಇಳಿಯುವ ರೇಡಾರ್ ಅಲೆಯನ್ನು ನಮ್ಮ ಹಸಿ ಕರಿಮಣ್ಣು ಮೊಳದೊಳಗೇ ನುಂಗಿಬಿಡುತ್ತದೆ. ಮರುದನಿ ಬರಲಿಲ್ಲವೆಂದರೆ ಕೆಳಗೆ ಏನೂ ಇಲ್ಲವೆಂದಲ್ಲ. ಅಲೆ ಅಲ್ಲಿಗೆ ಮುಟ್ಟಿಯೇ ಇಲ್ಲದಿರಬಹುದು. ಇದನ್ನು ವರ್ಷಾವರ್ಷ ಪಾಠ ಮಾಡುವವಳು ನಾನೇ. ಯಂತ್ರ ಸುಳ್ಳು ಹೇಳಿರಲಿಲ್ಲ. ಅದು ಸುಮ್ಮನಿತ್ತು, ಮಾತಾಡಿದವಳು ನಾನು.

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಅವ್ವನಿಗೆ ಇದನ್ನೆಲ್ಲ ಹೇಳಿ, ತಪ್ಪಾಯಿತು ಎಂದು ಅತ್ತೆ. ಆಕೆ ಪೂರ್ತಿ ಕೇಳಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನಿನ್ನ ಆ ಚಂದ್ರನ ಮ್ಯಾಲ ಮಂದಿ ಯಾರೂ ಇಲ್ಲಲ್ಲ?" ಎಂದು ಕೇಳಿದಳು.

"ಇಲ್ಲವ್ವಾ."

"ಚಲೋ ಆತು ಬಿಡು," ಎಂದು ಕಣ್ಣು ಮುಚ್ಚಿದಳು.