ಅತ್ತೆ ನೆಟ್ಟ ಟೊಮೇಟೊ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಹೊಸಹೊಳಲಿನಿಂದ ಅರಕೆರೆಗೆ ಸೊಸೆಯಾಗಿ ಬಂದೆ. ಬಂದ ಮೂರೇ ತಿಂಗಳಿಗೆ ನಮ್ಮ ಹೊಲದ ಟೊಮೇಟೊ ಗಿಡಗಳೆಲ್ಲ ಮುರುಟಿಕೊಂಡವು. ಎಲೆ ತುಂಬ ತಿಳಿಹಸಿರು, ಕಡುಹಸಿರು ಮಚ್ಚೆ. ಕುಡಿಯ ಎಲೆಗಳಂತೂ ದಾರದ ಹಾಗೆ ಸಣ್ಣ. ಕಾರಣ ಹುಡುಕಲು ಯಾರೂ ಹೆಚ್ಚು ಕಷ್ಟಪಡಲಿಲ್ಲ. ನನ್ನ ಕಾಲು ನೋಡಿದರು, ಅಷ್ಟೇ ಸಾಕಾಯಿತು.

ಕಾಲ್ಗುಣ ಸರಿಯಿಲ್ಲ ಅಂತ ಮೊದಲು ಅಂದವರು ನಮ್ಮತ್ತೆ. ಅವರು ಅನ್ನಬಹುದಿತ್ತು ಬಿಡಿ, ಅವರ ಕೈಗುಣಕ್ಕೆ ಊರೇ ಸಾಕ್ಷಿ. ಯಾರು ಟೊಮೇಟೊ, ಮೆಣಸಿನ ಸಸಿ ನೆಟ್ಟರೂ ಮೊದಲ ಸಾಲು ನೆಡಲು ಅವರೇ ಬರಬೇಕು. ಹೊಗೆಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ, ಎಲೆ ಅಡಿಕೆ ಜೊತೆ ದವಡೆಗೆ ಸೇರಿಸಿ, ಸೆರಗು ಸಿಕ್ಕಿಸಿ, ಪ್ರತಿ ಸಸಿಯ ಬುಡದ ಎಲೆಯೊಂದನ್ನು ಉಗುರಿನಲ್ಲಿ ಚಿವುಟಿ ನೆಡುತ್ತಿದ್ದರು. ಆಗ ಅವರ ಗತ್ತು ನೋಡಬೇಕಿತ್ತು! ನಾನು ಮಾತ್ರ ಬುತ್ತಿಯನ್ನು ಕಾಲುವೆ ಏರಿ ಮೇಲೇ ಇಟ್ಟು ವಾಪಸ್ಸು ಬರಬೇಕು.

ಮುಂದಿನ ಬೆಳೆಗೂ ಅದೇ ರೋಗ. ನಾನು ಹೊಲಕ್ಕೆ ಕಾಲೇ ಇಟ್ಟಿರಲಿಲ್ಲವಲ್ಲ ಅಂದರೆ, "ಮನೇಲವ್ಳಲ್ಲ, ಸಾಲ್ದಾ?" ಅಂದರು ಅತ್ತೆ. ನನ್ನ ಕಾಲಿಗೆ ಅಷ್ಟು ದೂರ ಮುಟ್ಟುವ ಶಕ್ತಿಯಿದೆ ಅಂತ ನನಗೇ ಗೊತ್ತಿರಲಿಲ್ಲ ಕಣ್ರೀ. ಪಕ್ಕದ ಮನೆಯವರ ಗಿಡ ಮುರುಟಿದ್ದೂ ನನ್ನ ಮೇಲೇ ಬಂತು. ಇನ್ನೊಂದು ಬೆಳೆ ಹೋದರೆ ಇವಳನ್ನು ತವರಿಗೆ ಬಿಟ್ಟುಬರೋದೇ ಸರಿ ಅನ್ನುವ ಮಾತು ಒಂದು ದಿನ ಕಿವಿಗೆ ಬಿತ್ತು. ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ನನ್ನ ಗಂಡ ಎರಡು ಮೂರು ಥರದ ಔಷಧಿ ಹೊಡೆದು ಸೋತು, ಕೊನೆಗೆ ಶ್ರೀರಂಗಪಟ್ಟಣದಿಂದ ತೋಟಗಾರಿಕೆಯ ಅಧಿಕಾರಿಯೊಬ್ಬರನ್ನು ಕರೆತಂದರು. ನಾನು ಮಜ್ಜಿಗೆ ಚೊಂಬು ಹಿಡಿದು ಏರಿ ಮೇಲೆ ನಿಂತಿದ್ದೆ. ಅತ್ತೆ ಎಲೆ ಅಡಿಕೆ ಅಗಿಯುತ್ತಾ ಗಿಡದ ಸಾಲಿನ ಪಕ್ಕದಲ್ಲಿದ್ದರು. ಅಧಿಕಾರಿ ಎಲೆಯೊಂದನ್ನು ಬಿಸಿಲಿಗೆ ಹಿಡಿದು ನೋಡಿದರು.

"ಇದು ವೈರಸ್ಸು. ಔಷಧಿಗೆ ಜಗ್ಗಲ್ಲ. ಚಿವುಟಿದ ಗಾಯದಲ್ಲಿ ಒಳಗೆ ಹೋಗುತ್ತೆ, ಆಮೇಲೆ ಗಿಡದ ಕೈಲೇ ತನ್ನಂಥವನ್ನ ಸಾವಿರಾರು ಮಾಡಿಸ್ಕೊಳ್ಳುತ್ತೆ. ಆ ರಸ ಮೆತ್ತಿದ ಕೈ ಎಲ್ಲಿಗೆ ಹೋದ್ರೆ ಅಲ್ಲಿಗೆ ಇದೂ ಹೋಗುತ್ತೆ."

ನೆಂಟ ಬಂದು ಮನೆಯವರ ಕೈಲೇ ಒಲೆ ಹಚ್ಚಿಸಿ, ತನ್ನ ಬಳಗಕ್ಕೆಲ್ಲ ಅಡುಗೆ ಮಾಡಿಸಿದ ಹಾಗೆ ಅಂದುಕೊಂಡೆ. ಅಧಿಕಾರಿ ಮಾತು ಮುಂದುವರಿಸಿದರು. "ಒಣಗಿದ ಹೊಗೆಸೊಪ್ಪಲ್ಲೂ ಇದು ಇರುತ್ತೆ. ಹೊಗೆಸೊಪ್ಪು ತಿಕ್ಕಿದ ಕೈಲೇ ಸಸಿ ಚಿವುಟೋರು ಯಾರಾದ್ರೂ ಇದ್ದಾರಾ ಇಲ್ಲಿ?"

ನನ್ನ ಗಂಡನಿಗೆ ಆ ಕ್ಷಣದಲ್ಲೇ ಆಕಾಶದಲ್ಲಿ ಏನೋ ಕಂಡಿತು. ಅತ್ತೆಯ ದವಡೆ ಅರ್ಧಕ್ಕೇ ನಿಂತಿತು. ಸುಳ್ಳು ಯಾಕೆ ಹೇಳಲಿ, ನನಗೆ ಭಾರಿ ಖುಷಿಯಾಯಿತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ.

"ಸೋಪಲ್ಲಿ ಕೈ ತೊಳ್ಕೊಂಡು ಮುಟ್ಟಿ, ರೋಗದ ಗಿಡ ಕಿತ್ತು ಸುಡಿ" ಅಂತ ಹೇಳಿ ಅಧಿಕಾರಿ ಬಸ್ಸು ಹತ್ತಿದರು. ಅತ್ತೆ ಎರಡು ದಿನ ಒಬ್ಬರೇ ಹೊಲದಲ್ಲಿ ಗಿಡ ಕಿತ್ತು ಸುಟ್ಟರು. ನಾನು ಅಷ್ಟೂ ಹೊತ್ತು ಜಗಳಕ್ಕೆ ಮಾತು ಮಸೆಯುತ್ತಾ ಕೂತಿದ್ದೆ.

ಮೂರನೇ ದಿನ ಪಕ್ಕದ ಮನೆಯಾಕೆ ತಮ್ಮ ಹೊಲದಲ್ಲಿ ಸಸಿ ನೆಡಲು ಅತ್ತೆಯನ್ನು ಕರೆಯಲು ಬಂದರು.

"ನಾ ಬರಾಕಿಲ್ಲ ಕಣವ್ವ. ನನ್ ಸೊಸೆನ ಕರ್ಕೊಂಡೋಗು" ಅಂದರು ಅತ್ತೆ.

ಆಕೆ ನನ್ನ ಪಾದ ನೋಡಿದರು. "ಇವಳ್ನಾ? ಇವಳ ಕಾಲು..."

ಅತ್ತೆ ಎರಡೂ ಅಂಗೈ ಬಿಡಿಸಿ ಆಕೆಯ ಮುಂದೆ ಹಿಡಿದರು. "ಇವಳ ಕಾಲಲ್ಲ ಕಣೆ. ನಿನ್ ಗಿಡ ಆಳ್ಮಾಡಿದ್ದು ಈ ಕೈ. ಇನ್ನೂ ಎಷ್ಟ್ ಜನದ ಒಲ ಮುಟ್ಟಿವ್ನೋ ಕಾಣೆ."

ನಾನು ಮಸೆದಿಟ್ಟುಕೊಂಡಿದ್ದ ಜಗಳ ಮರೆತೇ ಹೋಯಿತು. ಅತ್ತೆಯ ಕೈ ಇನ್ನೂ ಹಾಗೇ ಚಾಚಿತ್ತು. ಹೋಗಿ ಹಿಡಿದುಕೊಂಡೆ.